ಪುಣೆಯಲ್ಲಿ ಪದ್ಮಿನಿಗೆ ಡಿಸ್ಕ್ ಬ್ರೇಕ್ ಹಾಕಿಸುವುದು ಹೇಗೆ

ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಕಾರಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಅಂದರೆ ಚಕ್ರದ ಜೊತೆ ತಿರುಗುವ ಡಬ್ಬಿಯನ್ನು ಶೂ ಎಂಬ ಕಮಾನು ತುಂಡುಗಳು ಒಳಗಿನಿಂದ ಒತ್ತಿ ಹಿಡಿಯುವ ಬ್ರೇಕ್. 1089 ಸಿಸಿ ಎಂಜಿನ್, ಹೆಚ್ಚುಕಡಿಮೆ 900 ಕೆ.ಜಿ. ತೂಕ. ಅಂದಿನ ರಸ್ತೆಗೆ, ಅಂದಿನ ವೇಗಕ್ಕೆ ಆ ಬ್ರೇಕ್ ಸಾಕಾಗಿತ್ತು. ಇವತ್ತು ಅದೇ ಕಾರನ್ನು ಪುಣೆ-ಮುಂಬೈ ದಾರಿಯ ಬೋರ್ ಘಾಟಿನಲ್ಲಿ ಇಳಿಸುವಾಗ ಮುಂದಿರುವ ಹೊಸ ಕಾರು ಗಕ್ಕನೆ ನಿಲ್ಲುತ್ತದೆ, ನಮ್ಮದು ನಿಲ್ಲುವುದಿಲ್ಲ. ಪುಣೆ, ಪಿಂಪ್ರಿ-ಚಿಂಚ್‌ವಾಡ ಕಡೆ ಹಳೆಯ ಕಾರು ಇಟ್ಟುಕೊಂಡಿರುವ ನಮ್ಮ ಕನ್ನಡದವರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ: ಮುಂದಿನ ಎರಡು ಚಕ್ರಕ್ಕೆ ಡಿಸ್ಕ್ ಹಾಕಿಸಿಬಿಡೋಣವಾ?

ಹಾಕಿಸಬಹುದು. ಆದರೆ ಡಿಸ್ಕ್ (ಚಕ್ರದ ಜೊತೆ ತಿರುಗುವ ತಟ್ಟೆ) ಮತ್ತು ಕ್ಯಾಲಿಪರ್ (ಅದನ್ನು ಎರಡೂ ಕಡೆಯಿಂದ ಪ್ಯಾಡ್‌ಗಳಲ್ಲಿ ಅಮುಕುವ ಹಿಡಿಕೆ) ಕೂರಿಸಿದರೆ ಅರ್ಧ ಕೆಲಸ ಮಾತ್ರ ಆಯಿತು. ಉಳಿದರ್ಧ ಇರುವುದು ಪೆಡಲ್‌ನಿಂದ ಚಕ್ರದವರೆಗಿನ ದಾರಿಯಲ್ಲಿ: ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಪಂಪು), ಬೂಸ್ಟರ್ (ಕಾಲಿನ ಬಲ ಹೆಚ್ಚಿಸುವ ಡಬ್ಬಿ), ಪೈಪು, ಹಿಂದಿನ ಚಕ್ರಕ್ಕೆ ಹೋಗುವ ಒತ್ತಡ. ಎಷ್ಟೋ ಜನ ಆ ಅರ್ಧವನ್ನು ಬಿಟ್ಟುಬಿಡುತ್ತಾರೆ. ಅದಕ್ಕೇ ಇಲ್ಲಿ ಅದರ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಮೊದಲು ಇರುವ ಡ್ರಮ್ ನೋಡಿ

ಬ್ರೇಕ್ ಹಿಡಿಯುತ್ತಿಲ್ಲ ಎಂದು ಡಿಸ್ಕ್ ಹುಡುಕಲು ಹೊರಡುವವರು ಮೊದಲು ನಾಲ್ಕೂ ಡ್ರಮ್ ಬಿಚ್ಚಿಸಿ ನೋಡಬೇಕು. ಶೂ ತಳ್ಳುವ ವೀಲ್ ಸಿಲಿಂಡರ್ ಒಸರಿ ಶೂ ಮೇಲೆ ಬ್ರೇಕ್ ಆಯಿಲ್ ಬಿದ್ದಿರಬಹುದು. ಶೂ ಅಡ್ಜಸ್ಟ್ ಮಾಡಿ ವರ್ಷಗಳೇ ಆಗಿರಬಹುದು. ಡ್ರಮ್ ಗುಂಡಗೆ ಉಳಿದಿಲ್ಲದೇ ಇರಬಹುದು. ಇವನ್ನು ಸರಿ ಮಾಡಿಸಿದರೆ ಭಾನುವಾರ ಬೆಳಿಗ್ಗೆ ಪುಣೆಯ ಡೆಕ್ಕನ್ ಬಡಾವಣೆಗೆ ಹೋಗಿ ತಿಂಡಿ ತಿಂದು ಬರುವಷ್ಟು ಓಡಾಟಕ್ಕೆ ಡ್ರಮ್ ಬ್ರೇಕೇ ಸಾಕು. ನಾನಂತೂ ಅಂಥವರಿಗೆ ಡಿಸ್ಕ್ ಬೇಡ ಎಂದೇ ಹೇಳುತ್ತೇನೆ. ಘಾಟಿ ಇಳಿಯುವವರು, ಹೈವೇಯಲ್ಲಿ ಬೆಳಗಾವಿ, ಹುಬ್ಬಳ್ಳಿವರೆಗೆ ಓಡಿಸುವವರು ಮುಂದಕ್ಕೆ ಓದಿ.

ಡ್ರಮ್ ಬಿಚ್ಚುವಾಗ ಒಂದು ಎಚ್ಚರ. ಹಳೆಯ ಶೂ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒಳಗಿನ ಧೂಳನ್ನು ಏರ್ ಗನ್ನಿನಿಂದ ಊದಿಸಬೇಡಿ. ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಿರಿ. ಗ್ಯಾರೇಜಿನ ಹುಡುಗರಿಗೂ ಇದನ್ನು ಹೇಳಿ, ಬಗ್ಗಿ ಕೂತು ಆ ಧೂಳು ಕುಡಿಯುವವರು ಅವರೇ.

ಡಿಸ್ಕ್ ಮಾಡುವುದೇನು, ಮಾಡದೇ ಇರುವುದೇನು

ಲೋಣಾವಳ ಸಮುದ್ರಮಟ್ಟದಿಂದ 620 ಮೀಟರ್ ಆಸುಪಾಸು ಎತ್ತರದಲ್ಲಿದೆ. ಘಾಟಿ ಇಳಿದು ಖೋಪೋಲಿಗೆ ಬಂದರೆ ಸುಮಾರು 550 ಮೀಟರ್ ಕೆಳಗೆ ಬಂದಂತೆ. ನಾಲ್ಕು ಜನ, ಸಾಮಾನು ಎಲ್ಲ ಸೇರಿ ಕಾರು 1200 ಕೆ.ಜಿ. ಎಂದುಕೊಳ್ಳಿ. ಈ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ 20 ಲೀಟರ್ ತಣ್ಣೀರನ್ನು ಕುದಿಸುವಷ್ಟು. ಗೇರಿನಲ್ಲಿ ಇಳಿದರೆ ಒಂದಷ್ಟನ್ನು ಎಂಜಿನ್ ಹೊರುತ್ತದೆ, ಒಂದಷ್ಟು ಗಾಳಿಗೆ ಹೋಗುತ್ತದೆ. ಉಳಿದದ್ದೆಲ್ಲ ಬ್ರೇಕಿನಲ್ಲಿ ಶಾಖವಾಗುತ್ತದೆ.

ಡ್ರಮ್ ಬಿಸಿಯಾದರೆ ಹಿಗ್ಗಿ ಶೂನಿಂದ ದೂರ ಸರಿಯುತ್ತದೆ. ಪೆಡಲ್ ಇನ್ನಷ್ಟು ಕೆಳಗೆ ಹೋಗುತ್ತದೆ. ಲೈನಿಂಗ್ ಕೂಡ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಡಿಸ್ಕ್ ಗಾಳಿಗೆ ತೆರೆದುಕೊಂಡಿರುತ್ತದೆ, ಹಿಗ್ಗಿದರೂ ಪ್ಯಾಡಿನ ಕಡೆಗೇ ಹಿಗ್ಗುತ್ತದೆ. ಮಳೆಗಾಲದಲ್ಲಿ ಡ್ರಮ್ ಒಳಗೆ ನೀರು ಹೊಕ್ಕರೆ ಬೇಗ ಹೊರಗೆ ಬರುವುದಿಲ್ಲ. ಡಿಸ್ಕ್ ಮೇಲಿನ ನೀರು ಒಂದೆರಡು ಸುತ್ತಿಗೆ ಸಿಡಿದು ಹೋಗುತ್ತದೆ.

ಆದರೆ ಡ್ರಮ್‌ಗೆ ಡಿಸ್ಕ್‌ಗಿಲ್ಲದ ಒಂದು ಗುಣವಿದೆ. ಚಕ್ರ ತಿರುಗುವ ರಭಸವೇ ಮುಂದಿನ ಶೂವನ್ನು ಡ್ರಮ್‌ಗೆ ಇನ್ನಷ್ಟು ಬಿಗಿಯಾಗಿ ಎಳೆದು ಒತ್ತುತ್ತದೆ. ನಮ್ಮ ಕಾಲಿಗೆ ಅದು ಪುಕ್ಕಟೆ ಸಹಾಯ. ಡಿಸ್ಕ್‌ನಲ್ಲಿ ಅದು ಸಿಗುವುದಿಲ್ಲ, ಒತ್ತಿದಷ್ಟೇ ಹಿಡಿತ. ಹಾಗಾಗಿ ಹಳೆಯ ಮಾಸ್ಟರ್ ಸಿಲಿಂಡರನ್ನೇ ಇಟ್ಟುಕೊಂಡು ಸುಮ್ನೆ ಡಿಸ್ಕ್ ಕೂರಿಸಿದರೆ ಪೆಡಲ್ ಕಲ್ಲಿನಷ್ಟು ಗಟ್ಟಿ, ಕಾರು ಮಾತ್ರ ಮೊದಲಿಗಿಂತ ನಿಧಾನಕ್ಕೆ ನಿಲ್ಲುತ್ತದೆ. ಮುಂದೆ ಬರುವ ಒಂದೊಂದು ಕೆಲಸಕ್ಕೂ ಇದೇ ಕಾರಣ.

ಹಿಂದಿನ ಚಕ್ರಕ್ಕೆ ಡ್ರಮ್ಮೇ ಇರಲಿ. ಹ್ಯಾಂಡ್ ಬ್ರೇಕ್ ಅಲ್ಲೇ ಇದೆ. ಜೋರಾಗಿ ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬರುವುದರಿಂದ ಹೆಚ್ಚಿನ ಕೆಲಸ ಮುಂದಿನ ಚಕ್ರದ್ದೇ.

ಕಾಗದಪತ್ರ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ವಾಹನದ ಬದಲಾವಣೆಗೆ ಸಂಬಂಧಿಸಿದ್ದು. ಆರ್‌ಸಿಯಲ್ಲಿರುವ ವಿವರ ತಯಾರಕರು ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸಬಾರದು ಎನ್ನುತ್ತದೆ. ಕೆಲಸ ಶುರು ಮಾಡುವ ಮೊದಲೇ ಆರ್‌ಟಿಒದಲ್ಲಿ ಬರೆದು ಕೇಳಿ, ವಿಮೆ ಕಂಪನಿಗೂ ಬರೆದು ತಿಳಿಸಿ. ಬಾಯಿಮಾತಿನಲ್ಲಿ ಆಯ್ತು ಎಂದದ್ದು ಅಪಘಾತವಾದ ದಿನ ಉಪಯೋಗಕ್ಕೆ ಬರುವುದಿಲ್ಲ.

ಕಾರಿಗೆ 50 ವರ್ಷ ದಾಟಿದ್ದು, 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸುವ ಮನಸ್ಸಿದ್ದರೆ ಇನ್ನೂ ಯೋಚಿಸಿ. ಆ ನೋಂದಣಿಗೆ ಕಾರು ಮೂಲರೂಪದಲ್ಲಿರಬೇಕು, ಮತ್ತು ದಿನದ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ. ಏನೇ ಆಗಲಿ, ಮೂಲ ಸ್ಟಬ್ ಆಕ್ಸಲನ್ನು (ಮುಂದಿನ ಚಕ್ರವನ್ನು ಹೊರುವ ಉಕ್ಕಿನ ತುಂಡು) ಕೊರೆಯದೆ, ಬೆಸುಗೆ ಹಾಕದೆ, ಬೋಲ್ಟ್ ಬಿಚ್ಚಿದರೆ ಹಳೆಯ ಸ್ಥಿತಿಗೆ ತರುವಂತೆ ಮಾಡಿಸಿ. ತೆಗೆದ ಡ್ರಮ್, ಶೂ, ಬ್ಯಾಕ್ ಪ್ಲೇಟ್‌ಗಳಿಗೆ (ಶೂ ಕೂರುವ ತಟ್ಟೆ) ಗ್ರೀಸ್ ಸವರಿ ಕಟ್ಟಿಡಿ. ಗುಜರಿಗೆ ಹಾಕಬೇಡಿ.

ಸಾಮಾನು ಆರಿಸುವುದು

ಪುಣೆಯ ನಾನಾ ಪೇಠೆಯಲ್ಲೋ, ಮುಂಬೈಗೆ ಹೋದಾಗ ಕುರ್ಲಾದ ಸಿಎಸ್‌ಟಿ ರೋಡಿನಲ್ಲೋ ಕೇಳಿದರೆ ಮೊದಲು ಕೈಗೆ ಬರುವುದು ಮಾರುತಿ 800ರ ಡಿಸ್ಕ್ ಮತ್ತು ಕ್ಯಾಲಿಪರ್. ಅಗ್ಗ, ಎಲ್ಲಿ ಹೋದರೂ ಪ್ಯಾಡ್ ಸಿಗುತ್ತದೆ, 12 ಇಂಚಿನ ಚಕ್ರದ್ದಾದ್ದರಿಂದ ಪದ್ಮಿನಿಯ 14 ಇಂಚಿನ ಚಕ್ರದೊಳಗೆ ಆರಾಮಾಗಿ ಕೂರುತ್ತದೆ. ಆದರೆ 800 ಸುಮಾರು 650 ಕೆ.ಜಿ.ಯ ಕಾರು. ಅದರ ಡಿಸ್ಕ್ ಆ ಭಾರಕ್ಕೆ ಲೆಕ್ಕ ಹಾಕಿ ಮಾಡಿದ್ದು. ನಮ್ಮ ಕಾರಿನ ತೂಕಕ್ಕೆ ಹತ್ತಿರವಿರುವ ಎಸ್ಟೀಮ್‌ನಂತಹ ಕಾರಿನ ಸೆಟ್ ಹುಡುಕುವುದು ನನ್ನ ಸಲಹೆ. ಸ್ವಲ್ಪ ಅಲೆದಾಟ ಆಗುತ್ತದೆ, ಆಗಲಿ.

ಕ್ಯಾಲಿಪರ್ ಹಳೆಯದು ತಂದರೂ ಪಿಸ್ಟನ್, ಸೀಲ್, ಡಸ್ಟ್ ಕವರ್ ಹೊಸದು ಹಾಕಿಸಿ. ಡಿಸ್ಕ್, ಪ್ಯಾಡ್, ರಬ್ಬರ್ ಹೋಸ್ ಮಾತ್ರ ಹೊಸದೇ ಆಗಿರಲಿ. ಎಡಕ್ಕೂ ಬಲಕ್ಕೂ ಒಂದೇ ಕಾರಿನ, ಒಂದೇ ಅಳತೆಯ ಕ್ಯಾಲಿಪರ್ ಬೇಕು. ಯಾವ ಕಾರು, ಯಾವ ಮಾಡೆಲ್ ಎಂದು ಒಂದು ಚೀಟಿಯಲ್ಲಿ ಬರೆದು ಕಾರಿನ ಕಾಗದದ ಜೊತೆ ಇಡಿ. ಐದು ವರ್ಷದ ನಂತರ ಪ್ಯಾಡ್ ತರಲು ಹೋದಾಗ ಇದರ ಬೆಲೆ ಗೊತ್ತಾಗುತ್ತದೆ.

ಹಬ್, ಬ್ರಾಕೆಟ್, ಅಳತೆ

ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಮುಂಭಾಗವನ್ನು ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜ್ಯಾಕ್ ನಂಬಿ ಕೈ ಹಾಕಬೇಡಿ. ಡ್ರಮ್, ಶೂ, ಬ್ಯಾಕ್ ಪ್ಲೇಟ್ ತೆಗೆದರೆ ಸ್ಟಬ್ ಆಕ್ಸಲ್‌ನಲ್ಲಿ ಬ್ಯಾಕ್ ಪ್ಲೇಟ್ ಕೂರುತ್ತಿದ್ದ ಬೋಲ್ಟ್ ತೂತುಗಳು ಕಾಣುತ್ತವೆ. ಕ್ಯಾಲಿಪರ್ ಹಿಡಿದಿಡುವ ಹೊಸ ಬ್ರಾಕೆಟ್ ಕೂರಬೇಕಾದ್ದು ಅಲ್ಲೇ.

800, ಎಸ್ಟೀಮ್‌ನಂತಹ ಮುಂಚಕ್ರ ಎಳೆಯುವ ಕಾರಿನ ಡಿಸ್ಕ್ ನಮ್ಮ ಹಬ್‌ಗೆ (ಚಕ್ರವನ್ನು ಬೋಲ್ಟ್ ಮಾಡುವ ತಿರುಗುವ ನಡುಭಾಗ) ನೇರವಾಗಿ ಕೂರುವುದಿಲ್ಲ. ಹಬ್ಬಿನ ಅಂಚನ್ನು ಲೇತಿನಲ್ಲಿ ತಿರುಗಿಸಿ ಡಿಸ್ಕ್ ಅದರ ಮೇಲೆ ಬಿಗಿಯಾಗಿ, ನಡುಮಧ್ಯಕ್ಕೆ ಕೂರುವಂತೆ ಮಾಡಬೇಕು, ಬೋಲ್ಟ್ ತೂತುಗಳ ವೃತ್ತದ ಅಳತೆಯೂ ಹೊಂದಬೇಕು. ಡಿಸ್ಕ್ ಹಬ್ಬಿನ ಹೊರಗೆ ಕೂತರೆ ಅದರ ದಪ್ಪದಷ್ಟು ಚಕ್ರ ಹೊರಗೆ ಸರಿಯುತ್ತದೆ. ಟೈರ್ ಮಡ್‌ಗಾರ್ಡಿಗೆ ತಾಗುತ್ತದೆಯೇ, ಚಕ್ರದ ಬೋಲ್ಟ್ ಸಾಕಷ್ಟು ಒಳಗೆ ಹೋಗುತ್ತದೆಯೇ ನೋಡಿ. ಬೋಲ್ಟ್ ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದದ ತ್ರೆಡ್ ಕಚ್ಚಲೇಬೇಕು.

ಬ್ರಾಕೆಟ್ ವಿಷಯದಲ್ಲಿ ಕಣ್ಣಳತೆ ನಡೆಯುವುದಿಲ್ಲ. ಮೊದಲು ಗಟ್ಟಿ ರಟ್ಟಿನಲ್ಲಿ ಮಾದರಿ ಕತ್ತರಿಸಿ, ಆಮೇಲೆ ತೆಳು ತಗಡಿನಲ್ಲಿ, ಕೊನೆಗೆ ಉಕ್ಕಿನಲ್ಲಿ. ಭೋಸರಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯಲ್ಲಿ ಲೇಸರ್ ಕಟಿಂಗ್ ಮಾಡಿಕೊಡುವ ಅಂಗಡಿಗಳು ಬೇಕಾದಷ್ಟಿವೆ, ಡ್ರಾಯಿಂಗ್ ಕೊಟ್ಟರೆ ಎರಡೇ ಪೀಸ್ ಆದರೂ ಕತ್ತರಿಸುತ್ತಾರೆ. ಅಲ್ಲಿ ಲೇತ್ ನಡೆಸುವವರಲ್ಲಿ ವಿಜಯಪುರ, ಕಲಬುರಗಿ, ಅಥಣಿ ಕಡೆಯವರು ಸಿಗುತ್ತಾರೆ. ಕನ್ನಡದಲ್ಲೇ ಅಳತೆ ಮಾತಾಡಿಕೊಳ್ಳಬಹುದು, ಅದೊಂದು ಅನುಕೂಲ. ನಾನು 8 ಎಂ.ಎಂ. ಪ್ಲೇಟ್ ತೋರಿಸಿದಾಗ ಅಥಣಿಯ ಮೇಸ್ತ್ರಿಯೊಬ್ಬರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ‘ಇದು ಬ್ಯಾಡ್ರೀ ಸರ. ಬ್ರೇಕ್ ಹೊಡದಾಗ ಇದರ ಮ್ಯಾಲೇ ಎಲ್ಲಾ ಲೋಡ್ ಬರ್ತೈತಿ. ಹನ್ನೆರಡು ಹಾಕ್ರಿ, ಬೆಸಿಗಿ ಮಾತ್ರ ಹಾಕಿಸಬ್ಯಾಡ್ರಿ’ ಎಂದರು. ಅವರ ಮಾತು ಪೂರ್ತಿ ಸರಿ. ಒಂದೇ ತುಂಡು ಪ್ಲೇಟಿನಿಂದ ಕತ್ತರಿಸಿದ ಬ್ರಾಕೆಟ್ ಬೇಕು, ಎರಡು ತುಂಡು ಬೆಸೆದದ್ದು ಬೇಡ. ಕ್ಯಾಲಿಪರಿಗೆ 10.9 ಗ್ರೇಡ್ ಎಂದು ತಲೆಯ ಮೇಲೆ ಅಚ್ಚಿರುವ ಬೋಲ್ಟ್ ಬಳಸಿ, ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ. ಹಾರ್ಡ್‌ವೇರ್ ಅಂಗಡಿಯ ಅಚ್ಚಿಲ್ಲದ ಬೋಲ್ಟ್ ಇಲ್ಲಿಗೆ ಬೇಡವೇ ಬೇಡ.

ಬ್ರಾಕೆಟ್ ಕೂರಿಸಿದ ಮೇಲೆ ಮೂರು ಕಡೆ ನೋಡಬೇಕು. ಡಿಸ್ಕ್ ಕ್ಯಾಲಿಪರಿನ ನಟ್ಟನಡುವೆ ಹಾದುಹೋಗಬೇಕು, ವಾರೆಯಾದರೆ ಪ್ಯಾಡ್ ಓರೆಯಾಗಿ ಸವೆಯುತ್ತದೆ. ಕ್ಯಾಲಿಪರಿಗೂ ಚಕ್ರದ ರಿಮ್‌ಗೂ ಕನಿಷ್ಠ 3 ಎಂ.ಎಂ. ಅಂತರವಿರಬೇಕು. ಡಯಲ್ ಗೇಜ್ ಹಿಡಿದು ಡಿಸ್ಕ್ ತಿರುಗಿಸಿದರೆ ಮುಳ್ಳು 0.1 ಎಂ.ಎಂ.ಗಿಂತ ಹೆಚ್ಚು ಆಡಬಾರದು, ಆಡಿದರೆ ಪೆಡಲ್ ಕಾಲಿನ ಕೆಳಗೆ ಮಿಡಿಯುತ್ತದೆ. ಗೇಜ್ ಹಿಡಿಯುವ ಮೊದಲು ಬೇರಿಂಗಿಗೆ ಹೊಸ ಗ್ರೀಸ್ ತುಂಬಿ, ಸರಿಯಾಗಿ ಬಿಗಿದು, ಹೊಸ ಸ್ಪ್ಲಿಟ್ ಪಿನ್ ಹಾಕಿರಬೇಕು. ಸಡಿಲ ಬೇರಿಂಗ್ ಮೇಲೆ ತೆಗೆದ ಅಳತೆ ಅಳತೆಯೇ ಅಲ್ಲ.

ಇನ್ನೊಂದು ಸಣ್ಣ ವಿಷಯ, ಆದರೆ ಇಡೀ ದಿನ ತಿನ್ನುತ್ತದೆ. ಬ್ಲೀಡರ್ ನಿಪ್ಪಲ್, ಅಂದರೆ ಒಳಗಿನ ಗಾಳಿ ಹೊರಬಿಡುವ ತಿರುಪು, ಕ್ಯಾಲಿಪರಿನ ಮೇಲ್ತುದಿಯಲ್ಲಿರಬೇಕು. ಎಡದ ಕ್ಯಾಲಿಪರ್ ಬಲಕ್ಕೆ ಕೂರಿಸಿದರೆ ನಿಪ್ಪಲ್ ಕೆಳಗೆ ಬರುತ್ತದೆ. ಗಾಳಿ ಮೇಲೆ ಉಳಿದುಬಿಡುತ್ತದೆ, ಎಷ್ಟು ಆಯಿಲ್ ಸುರಿದರೂ ಪೆಡಲ್ ಮೆತ್ತಗೇ ಇರುತ್ತದೆ.

ಮಾಸ್ಟರ್ ಸಿಲಿಂಡರ್

ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಒಂದೇ ಸರ್ಕ್ಯೂಟ್. ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಹೇಗೂ ಪೈಪೆಲ್ಲ ಬಿಚ್ಚುತ್ತಿದ್ದೀರಿ, ಹಾಗಾಗಿ ಈಗಲೇ ಎರಡು ಸರ್ಕ್ಯೂಟಿನ ಟ್ಯಾಂಡಮ್ ಮಾಸ್ಟರ್ ಸಿಲಿಂಡರ್ ಹಾಕಿಸಿ. ದುಡ್ಡು ಕಡಿಮೆ ಬಿದ್ದರೆ ಬೇರೆ ಎಲ್ಲಾದರೂ ಉಳಿಸಿ, ಇಲ್ಲಿ ಬೇಡ.

ಬೋರ್ ಅಳತೆ, ಅಂದರೆ ಸಿಲಿಂಡರಿನ ಒಳವ್ಯಾಸ, ಆರಿಸುವಾಗ ಲೆಕ್ಕ ಬೇಕು. ಉದಾಹರಣೆಗೆ ಕ್ಯಾಲಿಪರ್ ಪಿಸ್ಟನ್ 48 ಎಂ.ಎಂ. ಇದ್ದು, ಎರಡೂ ಪಿಸ್ಟನ್ ಅರ್ಧ ಎಂ.ಎಂ. ಮುಂದೆ ಬರಬೇಕು ಎಂದುಕೊಳ್ಳಿ. 19.05 ಎಂ.ಎಂ., ಅಂದರೆ ಮುಕ್ಕಾಲು ಇಂಚು ಬೋರಿನ ಸಿಲಿಂಡರಿನಲ್ಲಿ ಅದಕ್ಕೆ 6.4 ಎಂ.ಎಂ. ತಳ್ಳಬೇಕು. ಪೆಡಲ್ ಅನುಪಾತ 5:1 ಆದರೆ ಪಾದದ ಕೆಳಗೆ ಅದು 32 ಎಂ.ಎಂ. ಆಗುತ್ತದೆ. 22.2 ಎಂ.ಎಂ. ಬೋರ್ ಹಾಕಿದರೆ 23 ಎಂ.ಎಂ.ಗೇ ಮುಗಿಯುತ್ತದೆ. ಪೆಡಲ್ ಗಟ್ಟಿ ಅನಿಸುತ್ತದೆ, ಖುಷಿಯಾಗುತ್ತದೆ. ಆದರೆ ಅಷ್ಟೇ ಕಾಲ್ಬಲಕ್ಕೆ ಒತ್ತಡ ಶೇ. 27ರಷ್ಟು ಕಡಿಮೆ! ಪೆಡಲ್ ಕೆಳಗೆ ಹೋಗುತ್ತದೆ ಎಂದು ದೊಡ್ಡ ಬೋರ್ ಹಾಕಿಸಿಕೊಂಡವರ ಕಾರು ನಿಲ್ಲದಿರುವುದು ಇದರಿಂದಲೇ. ಡಿಸ್ಕ್ ಯಾವ ಕಾರಿನದೋ ಅದೇ ಕಾರಿನ ಮಾಸ್ಟರ್ ಸಿಲಿಂಡರ್ ಮತ್ತು ಬೂಸ್ಟರ್ ಜೋಡಿಯನ್ನೇ ತರುವುದು ಒಳ್ಳೆಯದು. ಡಿಸ್ಕ್ ಕಡೆಯ ಆಯಿಲ್ ಡಬ್ಬಿ ದೊಡ್ಡದಿರಲಿ, ಪ್ಯಾಡ್ ಸವೆದಂತೆ ಆಯಿಲ್ ಕ್ಯಾಲಿಪರಿಗೆ ಇಳಿಯುತ್ತದೆ.

ಬೂಸ್ಟರ್ ಇಲ್ಲದೆ ಡಿಸ್ಕ್ ಓಡಿಸಬೇಕಾದರೆ ಪೆಡಲ್ ಅನುಪಾತ 6:1ರ ಹತ್ತಿರ ಇರಬೇಕು. ಬೂಸ್ಟರ್ ಇದ್ದರೆ 4:1 ಸಾಕು. ಬೂಸ್ಟರಿಗೆ ಎಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡಿನಿಂದ (ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆ) ವ್ಯಾಕ್ಯೂಮ್ ಹೋಸ್ ಬರಬೇಕು, ನಡುವೆ ನಾನ್-ರಿಟರ್ನ್ ವಾಲ್ವ್ ಇರಬೇಕು. ಕೆಲಸ ಮಾಡುತ್ತದೆಯೇ ಎಂದು ನೋಡಲು ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ತಾನಾಗಿ ಸ್ವಲ್ಪ ಕೆಳಗಿಳಿದರೆ ಸರಿ ಇದೆ.

ಇನ್ನು ರೆಸಿಡುಯಲ್ ವಾಲ್ವ್. ಡ್ರಮ್ ಬ್ರೇಕಿನ ಮಾಸ್ಟರ್ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಸುಮಾರು 10 ಪಿಎಸ್‌ಐ ಒತ್ತಡವನ್ನು ಪೈಪಿನಲ್ಲೇ ಹಿಡಿದಿಡುವ ಒಂದು ಪುಟ್ಟ ವಾಲ್ವ್ ಇರುತ್ತದೆ. ವೀಲ್ ಸಿಲಿಂಡರಿನ ರಬ್ಬರ್ ಕಪ್ ಸಡಿಲವಾಗದಿರಲಿ ಎಂದು. ಅದೇ ವಾಲ್ವ್ ಡಿಸ್ಕ್ ಲೈನಿನಲ್ಲಿ ಉಳಿದರೆ ಪ್ಯಾಡ್ ಸದಾ ಡಿಸ್ಕ್‌ಗೆ ಉಜ್ಜುತ್ತಲೇ ಇರುತ್ತದೆ. ಮುಂದಿನ ಲೈನಿನಿಂದ ಅದನ್ನು ತೆಗೆಸಲೇಬೇಕು, ಹಿಂದಿನ ಡ್ರಮ್ ಲೈನಿನಲ್ಲಿ ಇರಲಿ. ಮಾಸ್ಟರ್ ಸಿಲಿಂಡರ್ ಕಾರಿನ ಫ್ಲೋರ್ ಕೆಳಗೆ, ಕ್ಯಾಲಿಪರಿಗಿಂತ ತಗ್ಗಿನಲ್ಲಿ ಇರುವ ಕಾರುಗಳಲ್ಲಿ ಮಾತ್ರ ಡಿಸ್ಕ್ ಲೈನಿಗೆ 2 ಪಿಎಸ್‌ಐನ ವಾಲ್ವ್ ಬೇಕಾಗುತ್ತದೆ, ಇಲ್ಲದಿದ್ದರೆ ಆಯಿಲ್ ಹಿಂದಕ್ಕೆ ಹರಿದು ಬರುತ್ತದೆ.

ಪುಶ್‌ರಾಡಿಗೂ (ಪೆಡಲ್ ಒತ್ತಿದಾಗ ತಳ್ಳುವ ಸರಳು) ಮಾಸ್ಟರ್ ಸಿಲಿಂಡರಿನ ಪಿಸ್ಟನ್‌ಗೂ ನಡುವೆ ಒಂದು ಎಂ.ಎಂ.ನಷ್ಟು ಸಡಿಲ ಇರಲಿ. ಇಲ್ಲದಿದ್ದರೆ ಆಯಿಲ್ ಡಬ್ಬಿಗೆ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಕೊಂಡೇ ಇರುತ್ತದೆ. ಗ್ಯಾರೇಜಿನಲ್ಲಿ ಗೊತ್ತಾಗುವುದಿಲ್ಲ. ಹತ್ತು ನಿಮಿಷ ಓಡಿಸಿ ಆಯಿಲ್ ಕಾದ ಮೇಲೆ ಬ್ರೇಕ್ ತಾನಾಗಿಯೇ ಹಿಡಿಯಲು ಶುರುವಾಗುತ್ತದೆ. ಹಾಗಾದಾಗ ತಪ್ಪು ಎಲ್ಲಿದೆ ಎಂದು ಹುಡುಕುವುದು ಸುಲಭ. ಬ್ರೇಕ್ ತಣಿಯಲು ಬಿಟ್ಟು, ಚಕ್ರ ಇನ್ನೂ ಹಿಡಿದೇ ಇದ್ದರೆ ಮಾಸ್ಟರ್ ಸಿಲಿಂಡರಿನ ಪೈಪ್ ನಟ್ ಸ್ವಲ್ಪ ಸಡಿಲಿಸಿ. ಚಕ್ರ ಬಿಟ್ಟುಕೊಂಡರೆ ದೋಷ ಪುಶ್‌ರಾಡಿನಲ್ಲೋ ವಾಲ್ವಿನಲ್ಲೋ ಇದೆ. ಆಗಲೂ ಬಿಡದೆ, ಕ್ಯಾಲಿಪರಿನ ನಿಪ್ಪಲ್ ತೆರೆದಾಗ ಮಾತ್ರ ಬಿಟ್ಟರೆ ರಬ್ಬರ್ ಹೋಸ್ ಒಳಗೆ ಕಟ್ಟಿಕೊಂಡಿದೆ.

ಪೈಪು ಮತ್ತು ಹಿಂಬದಿಯ ಒತ್ತಡ

ಬರೀ ತಾಮ್ರದ ಪೈಪ್ ಬೇಡ. ಬ್ರೇಕಿಗೆಂದೇ ಬರುವ ಉಕ್ಕಿನ ಪೈಪ್ ಅಥವಾ ಕುಪ್ರೊ-ನಿಕಲ್ ಪೈಪ್ ಬಳಸಿ. ಎರಡು ಬೇರೆ ಕಾರಿನ ಸಾಮಾನು ಸೇರುವ ಕಡೆ ತ್ರೆಡ್ ಗೇಜ್ ಹಿಡಿದು ನೋಡಿ. 10 ಎಂ.ಎಂ. ನಟ್‌ಗೂ 3/8 ಇಂಚಿನದಕ್ಕೂ ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ, ಒಂದೆರಡು ಸುತ್ತು ಹೋಗಿ ಕಚ್ಚಿದಂತೆಯೂ ಅನಿಸುತ್ತದೆ. ಜೋರಾಗಿ ಬ್ರೇಕ್ ಒತ್ತಿದ ದಿನ ಕಿತ್ತು ಬರುತ್ತದೆ. ಹೋಸ್ ಹಾಕಿದ ಮೇಲೆ ಸ್ಟೇರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಸಸ್ಪೆನ್ಶನ್ ಮೇಲೆ ಕೆಳಗೆ ಆಡಿಸಿ, ಹೋಸ್ ಎಳೆಯುವುದೂ ಉಜ್ಜುವುದೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಹಿಂದಿನ ಲೈನಿಗೆ ತಿರುಗಿಸಿ ಹೊಂದಿಸಬಹುದಾದ ಪ್ರೊಪೋರ್ಷನಿಂಗ್ ವಾಲ್ವ್, ಅಂದರೆ ಹಿಂದಿನ ಚಕ್ರದ ಒತ್ತಡ ಇಳಿಸುವ ವಾಲ್ವ್, ಹಾಕಿಸಿ. ಮುಂದಿನ ಚಕ್ರಕ್ಕಿಂತ ಮೊದಲು ಹಿಂದಿನದು ಲಾಕ್ ಆದರೆ (ತಿರುಗುವುದು ನಿಂತು ಜಾರಿದರೆ) ಕಾರಿನ ಬಾಲ ತಿರುಗುತ್ತದೆ. ಘಾಟಿಯ ಒದ್ದೆ ತಿರುವಿನಲ್ಲಿ ಹಾಗಾದರೆ ಏನಾದೀತು ಎಂದು ಬಿಡಿಸಿ ಹೇಳಬೇಕಿಲ್ಲ. ಈ ವಾಲ್ವ್ ಹಿಂದಿನ ಲೈನಿಗೆ ಮಾತ್ರ.

ಆಯಿಲ್ ತುಂಬಿ ಗಾಳಿ ತೆಗೆಯುವುದು

ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಬಳಸಿ. ಹೊಸದಿದ್ದಾಗ ಅದರ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ತೇವ ಹೀರಿಕೊಂಡ ಮೇಲೆ 155. ಡಾಟ್ 3ರಲ್ಲಿ ಇದೇ ಲೆಕ್ಕ 205 ಮತ್ತು 140. ಸಿಲಿಕೋನಿನ ಡಾಟ್ 5 ಇದರ ಜೊತೆ ಬೆರೆಸಬೇಡಿ. ಅರ್ಧ ಬಳಸಿ ಮುಚ್ಚಿಟ್ಟ ಹಳೆಯ ಡಬ್ಬಿಯದ್ದೂ ಬೇಡ. ರಬ್ಬರ್ ಸೀಲ್‌ಗಳನ್ನು ಪೆಟ್ರೋಲಿನಲ್ಲಿ ತೊಳೆಯಬೇಡಿ, ಊದಿಕೊಳ್ಳುತ್ತವೆ. ಆಯಿಲ್ ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ, ಇಲ್ಲದಿದ್ದರೆ ಪೇಂಟ್ ಎದ್ದು ಬರುತ್ತದೆ.

ಟ್ಯಾಂಡಮ್ ಸಿಲಿಂಡರನ್ನು ಕಾರಿಗೆ ಹಾಕುವ ಮೊದಲೇ ಮೇಜಿನ ಮೇಲೆ ವೈಸ್‌ಗೆ ಸಿಕ್ಕಿಸಿ ಅದರ ಗಾಳಿ ತೆಗೆಯಿರಿ. ಆಮೇಲೆ ಸಿಲಿಂಡರಿನಿಂದ ಅತಿ ದೂರದ ಚಕ್ರ, ಅಂದರೆ ಹಿಂದಿನ ಎಡದಿಂದ ಶುರು ಮಾಡಿ: ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಮನೆಯವರಲ್ಲಿ ಒಬ್ಬರನ್ನು ಪೆಡಲ್ ಹತ್ತಿರ ಕೂರಿಸಿ. ನಿಪ್ಪಲಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಅದರ ತುದಿ ಬಾಟಲಿಯ ಆಯಿಲ್‌ನಲ್ಲಿ ಮುಳುಗಿರಲಿ. ‘ಒತ್ತಿ, ಹಿಡೀರಿ’ ಎಂದು ನಿಪ್ಪಲ್ ತೆರೆಯಿರಿ, ಮುಚ್ಚಿದ ಮೇಲೆಯೇ ‘ಬಿಡಿ’ ಎನ್ನಿ. ಟ್ಯೂಬಿನಲ್ಲಿ ಗುಳ್ಳೆ ನಿಂತು ಬರೀ ಆಯಿಲ್ ಬರುವವರೆಗೆ ಇದೇ ಕೆಲಸ. ಡಬ್ಬಿ ಖಾಲಿಯಾಗದಂತೆ ನೋಡಿಕೊಳ್ಳಿ, ಆಯಿತೋ ಮತ್ತೆ ಮೊದಲಿನಿಂದ.

ಓಡಿಸಿ ನೋಡುವುದು

ನಿಂತಲ್ಲೇ ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ. ನಿಧಾನಕ್ಕೆ ಕುಸಿದರೆ ಎಲ್ಲೋ ಸೋರುತ್ತಿದೆ, ಕಾರು ತೆಗೆಯಬೇಡಿ. ಕುಸಿಯದಿದ್ದರೆ ಖಾಲಿ ಮೈದಾನದಲ್ಲಿ 20 ಕಿ.ಮೀ. ವೇಗದಿಂದ ಶುರು ಮಾಡಿ, ಕೈ ಹ್ಯಾಂಡ್ ಬ್ರೇಕ್ ಹತ್ತಿರವೇ ಇರಲಿ. ಕಾರು ಒಂದು ಕಡೆ ಎಳೆಯುತ್ತಿದ್ದರೆ ಗಾಳಿ ಉಳಿದಿರಬಹುದು ಅಥವಾ ಪ್ಯಾಡಿಗೆ ಗ್ರೀಸ್ ತಗುಲಿರಬಹುದು. ಆಮೇಲೆ 40ರ ವೇಗದಲ್ಲಿ ಜೋರಾಗಿ ಬ್ರೇಕ್ ಒತ್ತಿ. ಹೊರಗೆ, ದೂರದಲ್ಲಿ ನಿಂತವರೊಬ್ಬರು ಯಾವ ಚಕ್ರ ಮೊದಲು ಲಾಕ್ ಆಯಿತು ಎಂದು ನೋಡಲಿ. ಹಿಂದಿನದಾದರೆ ವಾಲ್ವ್ ತಿರುಗಿಸಿ ಹಿಂದಿನ ಒತ್ತಡ ಇಳಿಸಿ. ಮುಂದಿನದೇ ಮೊದಲು ಲಾಕ್ ಆಗುವವರೆಗೆ ಬಿಡಬೇಡಿ. ಒದ್ದೆ ನೆಲದಲ್ಲೂ ಒಮ್ಮೆ ನೋಡಿ.

ಹೊಸ ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳಬೇಕು. ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ 50ರಿಂದ 10ಕ್ಕೆ ಎಂಟು ಹತ್ತು ಸಲ ಇಳಿಸಿ, ಪ್ರತಿ ಸಲದ ನಡುವೆ ಸ್ವಲ್ಪ ಓಡಿಸಿ. ಬಿಸಿ ಇರುವಾಗ ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿ ಹಿಡಿಯಬೇಡಿ. ಕೊನೆಗೆ ಬ್ರೇಕ್ ಮುಟ್ಟದೆ ಐದಾರು ಕಿಲೋಮೀಟರ್ ಓಡಿಸಿ ತಣಿಸಿ.

ನೂರು ಕಿಲೋಮೀಟರ್ ಆದ ಮೇಲೆ ಚಕ್ರ ಬಿಚ್ಚಿ ಕ್ಯಾಲಿಪರ್ ಮತ್ತು ಬ್ರಾಕೆಟ್ ಬೋಲ್ಟಿಗೆ ಮತ್ತೆ ಟಾರ್ಕ್ ರೆಂಚ್ ಹಿಡಿಯಿರಿ, ಪ್ರತಿ ಪೈಪ್ ನಟ್ಟನ್ನೂ ಒಣ ಬಟ್ಟೆಯಲ್ಲಿ ಒರೆಸಿ ಒಸರು ನೋಡಿ. ಐನೂರಕ್ಕೆ ಇನ್ನೊಮ್ಮೆ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ಕೊಂಕಣಕ್ಕೆ ಆಗಾಗ ಇಳಿಯುವವರು ವರ್ಷಕ್ಕೊಮ್ಮೆ. ಇಷ್ಟೆಲ್ಲ ಮಾಡಿಸಿದ ಮೇಲೂ ಘಾಟಿಯನ್ನು ಎರಡನೇ ಇಲ್ಲವೇ ಮೂರನೇ ಗೇರಿನಲ್ಲೇ ಇಳಿಸಿ. ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡುವ ಹಳೆಯ ಅಭ್ಯಾಸವಿದ್ದರೆ ಬಿಟ್ಟುಬಿಡಿ: ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ.